ಕುಂಬಾರ ಕಪ್ಪೆ

ಪಶ್ಚಿಮಘಟ್ಟಗಳಿಗೆ ಮಾತ್ರ ಸೀಮಿತವಾದ ಇರುಳುಗಪ್ಪೆಗಳ ನಿಕ್ಟಿಬ್ಯಾಟ್ರಾಕಸ್ ಕುಲಕ್ಕೆ ಸೇರಿದ, ಸುಮಾರು 4 ಸೆಂ.ಮೀ. ಉದ್ದದ, ಕಂದುಬಣ್ಣದ ಸುಕ್ಕುಚರ್ಮದ ಚಿಕ್ಕ ಕಪ್ಪೆ. ಶಾಸ್ತ್ರೀಯ ನಾಮ ನಿಕ್ಟಿಬ್ಯಾಟ್ರಾಕಸ್ ಕುಂಬಾರ. ಉತ್ತರ ಕನ್ನಡ ಜಿಲ್ಲೆಯ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳ (ಜೌಗುಕಾಡುಗಳ) ನಡುವೆ ಹರಿವ ತೊರೆಗಳಲ್ಲಿ ಇದನ್ನು ಕಂಡು, ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದರು. ದೇಹಲಕ್ಷಣಗಳೊಡನೆ ವಂಶವಾಹಿ ಪರೀಕ್ಷೆಯೂ ಈ ನಿರ್ಣಯಕ್ಕೆ ಆಧಾರವಾಯಿತು.

ಇದರ ಖ್ಯಾತಿಗೆ ಕಾರಣ ರೂಪವಲ್ಲ, ಸಂತಾನಪಾಲನೆಯ ಅಪೂರ್ವ ಕ್ರಮ. ಸಾಮಾನ್ಯ ಕಪ್ಪೆಗಳಲ್ಲಿ ಗಂಡು ಹೆಣ್ಣನ್ನು ಬಿಗಿದಪ್ಪಿರುವಾಗಲೇ ಮೊಟ್ಟೆಗಳು ಹೊರಬೀಳುವುದು ವಾಡಿಕೆಯಾಗಿದ್ದರೆ, ಇಲ್ಲಿ ಮೊಟ್ಟೆಯಿಡುವ ಗಳಿಗೆಯಲ್ಲಿ ಅವೆರಡರ ದೇಹಗಳು ಪರಸ್ಪರ ಸೋಂಕುವುದೇ ಇಲ್ಲ. ನೀರಿಗಿಂತ ತುಸು ಮೇಲಿರುವ ಕಡ್ಡಿ, ಬಂಡೆಗಳ ಮೇಲೆ ಮೊಟ್ಟೆಗಳನ್ನಿಟ್ಟು ಹೆಣ್ಣು ಮುಗಿಸಿದ ತರುವಾಯ, ಗಂಡು ತೊರೆಯ ತಳದಿಂದ ಕೆಸರನ್ನೆತ್ತಿ ತಂದು, ಹಿಂಗಾಲುಗಳ ಮೇಲೆ ನಿಂತು, ಮಡಕೆಗೆ ಮಣ್ಣು ಮೆತ್ತುವ ಕುಂಬಾರನಂತೆ ಮುಂಗಾಲುಗಳಿಂದ ಅದನ್ನು ಮೊಟ್ಟೆಗಳ ಮೇಲೆ ಸವರುತ್ತದೆ. ಈ ಕಾರ್ಯದಲ್ಲಿ ಹೆಣ್ಣಿನ ಪಾಲೇನೂ ಇಲ್ಲ. ಈ ಲೇಪನವು ಮೊಟ್ಟೆಗಳನ್ನು ಒಣಗದಂತೆಯೂ ಭಕ್ಷಕರ ಕಣ್ಣಿಗೆ ಬೀಳದಂತೆಯೂ ಕಾಯುವುದೆಂಬ ಊಹೆ ಸಮಂಜಸವಾಗಿಯೇ ತೋರುತ್ತದೆ. ಕಪ್ಪೆಗಳಲ್ಲಿ ತಂದೆಯಾದವನು ಮೊಟ್ಟೆ ಕಾಯುವುದು ಹೊಸದೇನಲ್ಲವಾದರೂ, ಗಂಡೊಂದೇ ಮಣ್ಣು ಮೆತ್ತುವ ಈ ವರ್ತನೆ ಅದುವರೆಗೆ ಯಾವ ಕಪ್ಪೆಯಲ್ಲಿಯೂ ವರದಿಯಾಗಿರಲಿಲ್ಲ.

ಮೊಟ್ಟೆಯೊಡೆದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಜಾರಿ ಅಲ್ಲಿಯೇ ಬೆಳೆಯುತ್ತವೆ. ಆದುದರಿಂದ ದಟ್ಟ ನೆರಳೂ ಬತ್ತದ ತೊರೆಯೂ ಇದರ ಬಾಳಿಗೆ ಅನಿವಾರ್ಯ. ಜಡ್ಡಿಗಳನ್ನು ಬಸಿದು ತೋಟಗದ್ದೆಗಳನ್ನಾಗಿಸುವ ಪದ್ಧತಿ ಇದರ ನೆಲೆಗೆ ಕುತ್ತಾಗಿದೆ.