ಝಕಾತ್, ಕಾನೂನು ಮತ್ತು ನ್ಯಾಯ: ಅಮೆರಿಕದ ಒಂದು ಪ್ರಕರಣ

ಝಕಾತ್ ಯಾರಿಗೆ ಸಲ್ಲಬೇಕೆಂದು ಪವಿತ್ರ ಕುರ್‌ಆನ್ ಸೂರಃ ಅತ್ತೌಬಾದಲ್ಲಿ ಎಂಟು ವರ್ಗಗಳನ್ನು ಹೆಸರಿಸಿದೆ. ಆದ್ದರಿಂದ ಕೊಟ್ಟ ಹಣ ಅರ್ಹರ ಕೈ ಸೇರಿತೇ ಎಂದು ವಿಚಾರಿಸುವುದು ನಮಗೆ ಹೊಸ ಹೊಣೆಯೇನಲ್ಲ. ಆದರೆ ಕೊಡುವುದೇ ಅಪರಾಧವಾದೀತೆಂಬ ಭಯ ಒಂದು ಸಮುದಾಯವನ್ನು ಆವರಿಸಿದರೆ ಏನಾಗುತ್ತದೆ? ಅಮೆರಿಕದ ಇತ್ತೀಚಿನ ಇತಿಹಾಸದಲ್ಲಿ ಇದಕ್ಕೆ ಉತ್ತರವಿದೆ.

2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸುಮಾರು ಮೂರು ಸಾವಿರ ಮಂದಿ ಹತರಾದರು. ಅಂತಹ ಘೋರ ಕೃತ್ಯಗಳಿಗೆ ಹಣ ಹರಿಯದಂತೆ ತಡೆಯುವುದು ಸರಕಾರದ ಕರ್ತವ್ಯ. ಇದರಲ್ಲಿ ಎರಡು ಮಾತಿಲ್ಲ. ಅದೇ ವರ್ಷದ ಅಕ್ಟೋಬರ್ 26ರಂದು ಪೇಟ್ರಿಯಟ್ ಕಾಯ್ದೆ ಜಾರಿಗೆ ಬಂದಿತು. ತನಿಖೆ ಮುಗಿಯುವ ಮೊದಲೇ ಸಂಸ್ಥೆಯೊಂದರ ಆಸ್ತಿಯನ್ನು ಸ್ತಂಭನಗೊಳಿಸುವ ಅಧಿಕಾರ ಅದರಿಂದ ದೊರೆಯಿತು.

ಓಹಾಯೊ ರಾಜ್ಯದ ಟೊಲೀಡೊ ನಗರದಲ್ಲಿ 2002ರಲ್ಲಿ ಸ್ಥಾಪನೆಯಾದ ಕೈಂಡ್‌ಹಾರ್ಟ್ಸ್ ಎಂಬ ಮುಸ್ಲಿಮ್ ಸೇವಾ ಸಂಸ್ಥೆಯ ಮೇಲೆ 2006ರ ಫೆಬ್ರವರಿಯಲ್ಲಿ ಈ ಅಧಿಕಾರ ಪ್ರಯೋಗವಾಯಿತು. ಹಮಾಸ್‌ನೊಂದಿಗೆ ನಂಟಿದೆ ಎಂಬುದು ಖಜಾನೆ ಇಲಾಖೆಯ ಆರೋಪ. ಸಂಸ್ಥೆ ಅದನ್ನು ನಿರಾಕರಿಸಿ ನ್ಯಾಯಾಲಯದ ಮೊರೆಹೊಕ್ಕಿತು. 2009ರ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಧೀಶ ಜೇಮ್ಸ್ ಕಾರ್ ಅವರು, ನ್ಯಾಯಾಲಯದ ವಾರಂಟ್ ಇಲ್ಲದೆ, ಆರೋಪವೇನೆಂದು ಸಮರ್ಪಕವಾಗಿ ತಿಳಿಸದೆ, ಉತ್ತರಿಸಲು ಅವಕಾಶ ಕೊಡದೆ ಆಸ್ತಿ ತಡೆಹಿಡಿದದ್ದು ಸಂವಿಧಾನಬಾಹಿರವೆಂದು ತೀರ್ಪಿತ್ತರು. ಮುಂದೆ ಸರಕಾರದೊಡನೆ ರಾಜಿಯಾಯಿತು. ಆದರೆ ಅಷ್ಟರಲ್ಲಿ ಸಂಸ್ಥೆ ಚೇತರಿಸಿಕೊಳ್ಳಲಾರದ ಸ್ಥಿತಿ ತಲುಪಿತ್ತು, ಅದು ಮುಚ್ಚಿಹೋಯಿತು.

ಹಾನಿ ಒಂದು ಸಂಸ್ಥೆಗಷ್ಟೇ ಸೀಮಿತವಾಗಲಿಲ್ಲ. ದಾನಿಗಳು ಅಂಜಿದರು. 2009ರ ಜೂನ್ 4ರಂದು ಕೈರೋ ಭಾಷಣದಲ್ಲಿ ಅಧ್ಯಕ್ಷ ಒಬಾಮಾ ಅವರೇ, ದಾನದ ಕುರಿತ ನಿಯಮಗಳಿಂದ ಮುಸ್ಲಿಮರಿಗೆ ಝಕಾತ್ ಕೊಡುವುದು ಕಷ್ಟವಾಗಿದೆಯೆಂದು ಒಪ್ಪಿಕೊಂಡರು. 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಭಯೋತ್ಪಾದಕ ಪಟ್ಟಿಯಲ್ಲಿರುವ ಸಂಘಟನೆಗೆ ವಿವಾದವನ್ನು ಶಾಂತಿಯಿಂದ ಬಗೆಹರಿಸುವ ತರಬೇತಿ ನೀಡುವುದೂ ಅಪರಾಧವಾಗಬಲ್ಲದೆಂದು ತೀರ್ಪು ನೀಡಿತು. ಶಾಂತಿಗಾಗಿ ದುಡಿಯುವವರೂ ಹೀಗೆ ಸಂದೇಹದ ನೆರಳಿಗೆ ಬಂದರು.

ಭಾರತವೂ ಈ ವಿಷಯದಿಂದ ದೂರವಿಲ್ಲ. ಭಯೋತ್ಪಾದನೆಗೆ ಹಣ ಸಲ್ಲದಂತೆ ನಿಗಾ ವಹಿಸುವ ಅಂತಾರಾಷ್ಟ್ರೀಯ ಕಾರ್ಯಪಡೆಗೆ ನಮ್ಮ ದೇಶ 2010ರಲ್ಲಿ ಸದಸ್ಯವಾಯಿತು; 2012ರ ಯುಎಪಿಎ ತಿದ್ದುಪಡಿಯ ಹಿಂದೆ ಆ ಬದ್ಧತೆಯೂ ಇತ್ತು. ಅದೇ ಕಾರ್ಯಪಡೆ 2016ರಲ್ಲಿ ತನ್ನ ಎಂಟನೆಯ ಶಿಫಾರಸನ್ನು ಪರಿಷ್ಕರಿಸಿ, ಸೇವಾ ಸಂಸ್ಥೆಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ನಿಲುವಿಗೆ ಬಂದಿತು.

ಹಝ್ರತ್ ಅಲೀ(ರ)ರನ್ನು ಯಮನ್‌ಗೆ ನ್ಯಾಯಾಧೀಶರಾಗಿ ಕಳುಹಿಸುವಾಗ ಪ್ರವಾದಿವರ್ಯರು(ಸ), ಎದುರು ಕಕ್ಷಿಯ ಮಾತನ್ನೂ ಆಲಿಸದೆ ತೀರ್ಪು ನೀಡಬಾರದೆಂದು ಉಪದೇಶಿಸಿದ್ದರು. ಕಾನೂನಿನಿಂದ ನಾವು ಕೇಳುವುದು ಇದನ್ನೇ: ಅಪರಾಧಿಗೆ ಶಿಕ್ಷೆಯಾಗಲಿ, ಆದರೆ ಮೊದಲು ಆಲಿಸಲಿ. ನಮ್ಮ ಪಾಲಿನ ಹೊಣೆಯೂ ಇದೆ. ಮಸೀದಿ, ಬೈತುಲ್‌ಮಾಲ್, ಟ್ರಸ್ಟ್‌ಗಳ ಪ್ರತಿ ರೂಪಾಯಿಗೂ ರಶೀದಿ, ಲೆಕ್ಕಪತ್ರ ಮತ್ತು ವಾರ್ಷಿಕ ಆಡಿಟ್ ಇರಲಿ. ಭಯದಿಂದ ದಾನ ನಿಲ್ಲಿಸಿದರೆ ಹಸಿಯುವವರು ಅನಾಥರು ಮತ್ತು ವಿಧವೆಯರು. ಅವರ ಹಕ್ಕನ್ನು ಅವರಿಗೆ ತಲುಪಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.