ಸೋತ ಹೃದಯ ಮತ್ತು ಒಂದು ದೊಡ್ಡ ಲೆಕ್ಕ



ಕಳೆದ ಮಳೆಗಾಲದಲ್ಲಿ ನಮ್ಮ ಏಳನೇ ತರಗತಿಯ ಹುಡುಗಿಯೊಬ್ಬಳ ಅಜ್ಜ ಶಾಲೆಗೆ ಬಂದಿದ್ದರು. ಮೊಮ್ಮಗಳ ವಿಚಾರ ಮಾತಾಡಿ ಮುಗಿದ ಮೇಲೆ, ಮಾತು ಅವರ ಆರೋಗ್ಯದ ಕಡೆಗೆ ಹೊರಳಿತು. ಹೃದಯಕ್ಕೆ ಬಲ ಕಡಿಮೆಯಾಗಿದೆ ಎಂದು ಡಾಕ್ಟರು ಮಾತ್ರೆ ಕೊಟ್ಟಿದ್ದರಂತೆ. ಎರಡು ತಿಂಗಳಿಂದ ಅದನ್ನು ನಿಲ್ಲಿಸಿಬಿಟ್ಟಿದ್ದಾರೆ! ಯಾಕೆಂದು ಕೇಳಿದೆವು. "ತಿಂದರೂ ಒಂದೇ, ಬಿಟ್ಟರೂ ಒಂದೇ ಮಾಷ್ಟ್ರೇ. ನನಗೇನೂ ವ್ಯತ್ಯಾಸ ಗೊತ್ತಾಗುವುದಿಲ್ಲ" ಎಂದರು.

ಅವರ ಮಾತು ಸುಳ್ಳಲ್ಲ. ಕೆಲವು ಔಷಧಗಳ ಪ್ರಯೋಜನ ತಿಂದವರಿಗೂ ಗೊತ್ತಾಗುವುದಿಲ್ಲ, ಕೊಟ್ಟ ಡಾಕ್ಟರರ ಕಣ್ಣಿಗೂ ಕಾಣುವುದಿಲ್ಲ. ಹಾಗಾದರೆ ಅವು ಜೀವ ಉಳಿಸುತ್ತವೆ ಎಂದು ಯಾರಿಗೆ, ಹೇಗೆ ತಿಳಿಯಿತು? ನಾವು ವಿಜ್ಞಾನ ಓದಿದವರಲ್ಲ, ಚರಿತ್ರೆ ಓದಿದವರು. ಆದರೆ ಈ ಪ್ರಶ್ನೆಗೂ ಒಂದು ಚರಿತ್ರೆ ಇದೆ. ಅದರ ನಡುವೆ ಕೇರಳದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಒಬ್ಬರು ನಿಂತಿದ್ದಾರೆ. ಅವರು ಡಾ. ಸಲೀಂ ಯೂಸುಫ್.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಹೃದಯ ವೈಫಲ್ಯ ಎಂದ ಕೂಡಲೇ ಹೃದಯ ನಿಂತೇಹೋಯಿತು ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಹೃದಯ ಬಡಿಯುತ್ತಲೇ ಇರುತ್ತದೆ, ಆದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳಲು ಅದಕ್ಕೆ ಆಗುವುದಿಲ್ಲ. ಕಾಲು ಊದುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ.

ನಮ್ಮ ಕಾಸರಗೋಡಿನ ಅಡಿಕೆ ತೋಟದವರಿಗೆ ಇದನ್ನು ಪಂಪಿನ ಉದಾಹರಣೆಯಿಂದ ಹೇಳಬಹುದು. ಪಂಪು ಹಳತಾಗಿ ನೀರು ಸರಿಯಾಗಿ ಏರುತ್ತಿಲ್ಲ ಎಂದಿಟ್ಟುಕೊಳ್ಳಿ. ದೇಹಕ್ಕೆ ಪಂಪು ಹಾಳಾದದ್ದು ತಿಳಿಯುವುದಿಲ್ಲ, ನೀರೇ ಕಡಿಮೆಯಾಗಿದೆ ಎಂದು ಅದು ಭಾವಿಸುತ್ತದೆ. ಕೂಡಲೇ ರಕ್ತನಾಳಗಳನ್ನು ಬಿಗಿಮಾಡುತ್ತದೆ, ಉಪ್ಪು ಮತ್ತು ನೀರನ್ನು ಹೊರಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಪೈಪು ಕಿರಿದಾದರೆ ಪಂಪಿಗೆ ಭಾರ ಹೆಚ್ಚುತ್ತದಲ್ಲವೇ? ಹಾಗೆಯೇ ಸೋತ ಹೃದಯ ಇನ್ನಷ್ಟು ಸೋಲುತ್ತದೆ. ದೇಹದ ಈ ತಪ್ಪು ಲೆಕ್ಕವನ್ನು ತಡೆಯುವ ಔಷಧಗಳ ಒಂದು ಗುಂಪು 1970ರ ದಶಕದಲ್ಲಿ ಬಂತು. ಬ್ರೆಜಿಲ್ ದೇಶದ ಒಂದು ವಿಷಸರ್ಪದ ವಿಷದ ಅಧ್ಯಯನದಿಂದ ಅದಕ್ಕೆ ದಾರಿ ಸಿಕ್ಕಿತು ಎಂಬುದು ಆಶ್ಚರ್ಯದ ವಿಷಯ! ಮೊದಲು ಕ್ಯಾಪ್ಟೋಪ್ರಿಲ್, ಆಮೇಲೆ ಎನಾಲಾಪ್ರಿಲ್ ಬಂದವು.

ಈಗ ಯೂಸುಫ್ ಅವರ ವಿಷಯಕ್ಕೆ ಬರೋಣ. ಅವರು 1952ರಲ್ಲಿ ಕೊಲ್ಲಂ ಜಿಲ್ಲೆಯ ಕೊಟ್ಟಾರಕ್ಕರದಲ್ಲಿ ಜನಿಸಿದರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಡಾಕ್ಟರಾದರು. 1976ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಅವರಿಗೆ ಹೃದಯತಜ್ಞ ಪೀಟರ್ ಸ್ಲೈಟ್, ಸಂಖ್ಯಾಶಾಸ್ತ್ರದ ರಿಚರ್ಡ್ ಪೀಟೊ, ಯುವ ಸಂಶೋಧಕ ರೋರಿ ಕಾಲಿನ್ಸ್ ಇವರ ಒಡನಾಟ ದೊರಕಿತು. ಒಬ್ಬ ಡಾಕ್ಟರರು ಲೆಕ್ಕದವರ ಜೊತೆ ಕೂತದ್ದೇ ಈ ಕಥೆಯ ತಿರುವು.

ಅವರ ವಿಚಾರ ಸರಳವಾಗಿತ್ತು. ಸಾಮಾನ್ಯ ಕಾಯಿಲೆಗೆ ಸಿಗುವ ಹೊಸ ಔಷಧ ಪವಾಡ ಮಾಡುವುದು ಅಪರೂಪ. ಅದರ ಲಾಭ ಸಣ್ಣದಾಗಿರುತ್ತದೆ. ಆದರೆ ಕಾಯಿಲೆ ಲಕ್ಷಾಂತರ ಜನರಿಗೆ ಇರುವುದರಿಂದ ಆ ಸಣ್ಣ ಲಾಭವೇ ಸಾವಿರಾರು ಜೀವಗಳಾಗುತ್ತದೆ. ಸಣ್ಣ ಲಾಭವನ್ನು ಕಂಡುಹಿಡಿಯಲು ನೂರಿನ್ನೂರು ರೋಗಿಗಳು ಸಾಲರು, ಸಾವಿರಾರು ಜನ ಬೇಕು. ಯಾರಿಗೆ ಔಷಧ, ಯಾರಿಗೆ ಇಲ್ಲ ಎಂಬುದನ್ನು ಡಾಕ್ಟರು ಆರಿಸಬಾರದು. ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಡಬೇಕು. ಇಲ್ಲವಾದರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಕಡೆ ಸೇರಿ ಲೆಕ್ಕ ತಪ್ಪುತ್ತದೆ.

ಹೀಗೆ ನಡೆದ ಮೊದಲ ದೊಡ್ಡ ಪರೀಕ್ಷೆ ಐಸಿಸ್-1. ಅಟೆನೊಲಾಲ್ ಎಂಬ ಔಷಧವನ್ನು ಹೃದಯಾಘಾತವಾದವರಲ್ಲಿ ಪರೀಕ್ಷಿಸಲು 16,027 ರೋಗಿಗಳು ಸೇರಿದರು. 1986ರಲ್ಲಿ ಫಲಿತಾಂಶ ಬಂತು. ಮೊದಲ ಏಳು ದಿನಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾರಣದಿಂದ ತೀರಿಕೊಂಡವರು ಔಷಧವಿಲ್ಲದ ಗುಂಪಿನಲ್ಲಿ 365 ಮಂದಿ, ಔಷಧದ ಗುಂಪಿನಲ್ಲಿ 313 ಮಂದಿ.

ಅಷ್ಟರಲ್ಲಿ ಯೂಸುಫ್ 1984ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಸೇರಿದ್ದರು. ಅಲ್ಲಿ ಅವರು ಮುನ್ನಡೆಸಿದ್ದು ಹೃದಯ ವೈಫಲ್ಯದ ಪರೀಕ್ಷೆಗಳನ್ನು. 1987ರಲ್ಲಿ ಸ್ವೀಡನ್, ನಾರ್ವೆ, ಫಿನ್ಲೆಂಡ್ ದೇಶಗಳಿಂದ ಒಂದು ಸುದ್ದಿ ಬಂದಿತ್ತು. ತೀರಾ ಹದಗೆಟ್ಟ 253 ರೋಗಿಗಳಲ್ಲಿ ಎನಾಲಾಪ್ರಿಲ್ ಪರೀಕ್ಷಿಸಿದಾಗ, ಆರು ತಿಂಗಳ ಸಾವು ಶೇ. 44ರಿಂದ ಶೇ. 26ಕ್ಕೆ ಇಳಿದಿತ್ತು. ಆದರೆ ಹೃದಯ ವೈಫಲ್ಯದ ಹೆಚ್ಚಿನವರು ಅಷ್ಟು ಹದಗೆಟ್ಟವರಲ್ಲ. ನಮ್ಮ ಆ ಅಜ್ಜನಂತೆ ನಡೆದಾಡಿಕೊಂಡು, ಪೇಟೆಗೆ ಹೋಗಿಕೊಂಡು ಇರುವವರು. ಅವರಿಗೂ ಔಷಧ ಬೇಕೇ?

ಇದಕ್ಕೆ ಉತ್ತರ ಹುಡುಕಿದ ಪರೀಕ್ಷೆಯ ಹೆಸರು ಸಾಲ್ವ್ಡ್. ಆರೋಗ್ಯವಂತ ಹೃದಯ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹೊರತಳ್ಳುತ್ತದೆ. ಶೇ. 35 ಅಥವಾ ಅದಕ್ಕಿಂತ ಕಡಿಮೆ ತಳ್ಳುವ ಹೃದಯವಿದ್ದ 2,569 ರೋಗಿಗಳನ್ನು ಅಮೆರಿಕ, ಕೆನಡಾ, ಬೆಲ್ಜಿಯಂಗಳಲ್ಲಿ ಆರಿಸಲಾಯಿತು. ಅರ್ಧದಷ್ಟು ಜನರಿಗೆ ಎನಾಲಾಪ್ರಿಲ್, ಉಳಿದವರಿಗೆ ಅದೇ ರೂಪದ, ಆದರೆ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರರಿಗೂ ಗೊತ್ತಿಲ್ಲ. ಇಬ್ಬರಿಗೂ ಮಾಮೂಲಿ ಚಿಕಿತ್ಸೆ ಇದ್ದೇ ಇತ್ತು. ಸರಾಸರಿ 41 ತಿಂಗಳು ಕಾದರು. 1991ರಲ್ಲಿ ಫಲಿತಾಂಶ ಪ್ರಕಟವಾಯಿತು.

ಇಲ್ಲಿ ಮಕ್ಕಳೇ, ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ನಮ್ಮ ತರಗತಿಯಲ್ಲಿ ನಾವು ಈ ಲೆಕ್ಕವನ್ನು ಕಪ್ಪುಹಲಗೆಯಲ್ಲೇ ಮಾಡಿಸಿದೆವು.

ಔಷಧವಿಲ್ಲದ 1,284 ಜನರಲ್ಲಿ ತೀರಿಕೊಂಡವರು 510, ಅಂದರೆ ಶೇ. 39.7.
ಎನಾಲಾಪ್ರಿಲ್ ಪಡೆದ 1,285 ಜನರಲ್ಲಿ ತೀರಿಕೊಂಡವರು 452, ಅಂದರೆ ಶೇ. 35.2.

ವ್ಯತ್ಯಾಸ ನೂರಕ್ಕೆ ನಾಲ್ಕೂವರೆ. ಸುಮಾರು 22 ಜನ ಮೂರೂವರೆ ವರ್ಷ ಮಾತ್ರೆ ತಿಂದರೆ ಒಂದು ಜೀವ ಉಳಿಯುತ್ತದೆ. "ಇಷ್ಟೇನಾ?" ಎಂದು ಮಕ್ಕಳು ಕೇಳಿದರು. ಆಗ ಇನ್ನೊಂದು ಲೆಕ್ಕ ಕೊಟ್ಟೆವು. ಒಬ್ಬ ಊರಿನ ಡಾಕ್ಟರು 20 ಜನರಿಗೆ ಈ ಮಾತ್ರೆ ಕೊಟ್ಟರು, ಇನ್ನೊಬ್ಬರು 20 ಜನರಿಗೆ ಕೊಡಲಿಲ್ಲ. ಸಾವು ಎಷ್ಟೆಷ್ಟು? ಮೊದಲನೆಯವರಲ್ಲಿ ಏಳು, ಎರಡನೆಯವರಲ್ಲಿ ಎಂಟು! ಯಾವ ಡಾಕ್ಟರರ ಅನುಭವಕ್ಕೆ, ಎಷ್ಟೇ ದೊಡ್ಡ ಹೆಸರಿನವರಾಗಲಿ, ಈ ಒಂದರ ವ್ಯತ್ಯಾಸ ಹೊಳೆಯುತ್ತದೆ? ಸಾವಿರಾರು ಜನರನ್ನು ಒಟ್ಟಿಗೆ ಎಣಿಸಿದಾಗ ಮಾತ್ರ ಅದು ಗೋಚರವಾಗುತ್ತದೆ. ಉಳಿದವರಿಗೂ ತಾವು ಉಳಿದದ್ದು ಮಾತ್ರೆಯಿಂದ ಎಂದು ತಿಳಿಯುವುದಿಲ್ಲ.

ಸಾಲ್ವ್ಡ್‌ಗೆ ಇನ್ನೊಂದು ಭಾಗವೂ ಇತ್ತು. ಹೃದಯ ದುರ್ಬಲವಾಗಿದ್ದರೂ ಇನ್ನೂ ಯಾವ ತೊಂದರೆಯೂ ಕಾಣದ, ಅದಕ್ಕಾಗಿ ಮಾತ್ರೆ ತಿನ್ನದ 4,228 ಜನರಲ್ಲಿ ಅದೇ ಔಷಧವನ್ನು ಪರೀಕ್ಷಿಸಿದರು. 1992ರ ಫಲಿತಾಂಶದ ಪ್ರಕಾರ ಔಷಧವಿಲ್ಲದವರಲ್ಲಿ 640 ಮಂದಿಗೆ ಹೃದಯ ವೈಫಲ್ಯ ಕಾಣಿಸಿಕೊಂಡಿತು, ಔಷಧ ಪಡೆದವರಲ್ಲಿ 438 ಮಂದಿಗೆ. ಆದರೆ ಸಾವಿನ ಸಂಖ್ಯೆಯಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಯೂಸುಫ್ ಮತ್ತು ಸಂಗಡಿಗರು ಅಲ್ಲಿಗೆ ಬಿಡಲಿಲ್ಲ. ಹನ್ನೆರಡು ವರ್ಷ ಕಳೆದ ಮೇಲೆ ಅದೇ ಜನರಲ್ಲಿ ಯಾರು ಉಳಿದಿದ್ದಾರೆ ಎಂದು ಮತ್ತೆ ಲೆಕ್ಕ ಹಾಕಿ 2003ರಲ್ಲಿ ಪ್ರಕಟಿಸಿದರು. ಔಷಧವಿಲ್ಲದ ಗುಂಪಿನಲ್ಲಿ ಶೇ. 56.4 ಮಂದಿ ತೀರಿಕೊಂಡಿದ್ದರು, ಔಷಧದ ಗುಂಪಿನಲ್ಲಿ ಶೇ. 50.9 ಮಂದಿ. ಮೊದಲು ಕಾಣದಿದ್ದ ಲಾಭ ಹನ್ನೆರಡು ವರ್ಷಕ್ಕೆ ಕಂಡಿತು.

ಲೆಕ್ಕ ಯಾವಾಗಲೂ ನಮಗೆ ಬೇಕಾದ ಉತ್ತರವನ್ನೇ ಕೊಡುವುದಿಲ್ಲ. ಇದಕ್ಕೆ ಡಿಜಿಟಾಲಿಸ್ ಒಳ್ಳೆಯ ನಿದರ್ಶನ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಫಾಕ್ಸ್‌ಗ್ಲವ್ ಎಂಬ ಗಿಡದ ಎಲೆಯ ಬಗ್ಗೆ ಪುಸ್ತಕ ಬರೆದರು. ಒಂದು ಮನೆತನದ ನಾಟಿಮದ್ದಿನಿಂದ ಅವರಿಗೆ ಅದರ ಸುಳಿವು ಸಿಕ್ಕಿತ್ತು. ಅಲ್ಲಿಂದ ಇನ್ನೂರು ವರ್ಷ ಡಾಕ್ಟರುಗಳು ಈ ಔಷಧ ಕೊಡುತ್ತಲೇ ಬಂದರು. ಅದು ಆಯುಷ್ಯ ಹೆಚ್ಚಿಸುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಇರಲಿಲ್ಲ. ಯೂಸುಫ್ ಮುಂದಾಳುಗಳಲ್ಲಿ ಒಬ್ಬರಾಗಿದ್ದ ಡಿಗ್ ಎಂಬ ಪರೀಕ್ಷೆಯಲ್ಲಿ 6,800 ರೋಗಿಗಳು ಸೇರಿದರು. 1997ರ ಫಲಿತಾಂಶ: ಡಿಗಾಕ್ಸಿನ್ ಪಡೆದವರಲ್ಲಿ 1,181 ಸಾವು, ಪಡೆಯದವರಲ್ಲಿ 1,194 ಸಾವು. ಬಹುತೇಕ ಸಮ! ಆದರೆ ಹೃದಯ ವೈಫಲ್ಯ ಉಲ್ಬಣಿಸಿ ಆಸ್ಪತ್ರೆ ಸೇರಿದವರು ಶೇ. 34.7ರಿಂದ ಶೇ. 26.8ಕ್ಕೆ ಇಳಿದಿದ್ದರು. ಅಂದರೆ ಹಳೆಯ ಮದ್ದು ನಿಷ್ಪ್ರಯೋಜಕವೂ ಅಲ್ಲ, ಸಂಜೀವಿನಿಯೂ ಅಲ್ಲ. ಅದರ ಸ್ಥಾನ ಯಾವುದು ಎಂಬುದು ನಿರ್ಧಾರವಾಯಿತು.

1992ರಲ್ಲಿ ಯೂಸುಫ್ ಕೆನಡಾದ ಹ್ಯಾಮಿಲ್ಟನ್ ನಗರದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ದೊಡ್ಡ ಸಂಶೋಧನಾ ಕೇಂದ್ರವೊಂದನ್ನು ಕಟ್ಟಿದರು. ಹಳೆಯ ಕಾಲೇಜನ್ನೂ ಮರೆಯಲಿಲ್ಲ. ಹಲವು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ ಕೊಡುವ ಪ್ರಯೋಗವನ್ನು ಬೆಂಗಳೂರಿನ ಸೇಂಟ್ ಜಾನ್ಸ್‌ನವರೊಂದಿಗೆ ಸೇರಿ ಭಾರತದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ನಡೆಸಿದರು. ಅದರ ವರದಿ 2009ರಲ್ಲಿ ಬಂತು. 2014ರಲ್ಲಿ ಅವರಿಗೆ ಕೆನಡಾದ ಗೈರ್ಡ್‌ನರ್ ವೈಟ್‌ಮನ್ ಪ್ರಶಸ್ತಿ ಸಂದಿತು.

ಆದರೆ ನಮ್ಮನ್ನು ತಟ್ಟಿದ್ದು ಪ್ರಶಸ್ತಿಯಲ್ಲ, ಅವರ ಕೇಂದ್ರದಿಂದ 2017ರಲ್ಲಿ ಬಂದ ಇನ್ನೊಂದು ವರದಿ. ಏಷ್ಯಾ, ಆಫ್ರಿಕಾ, ಮಧ್ಯಪ್ರಾಚ್ಯ, ದಕ್ಷಿಣ ಅಮೆರಿಕಗಳ 16 ದೇಶಗಳಲ್ಲಿ ಹೃದಯ ವೈಫಲ್ಯದ 5,823 ರೋಗಿಗಳನ್ನು ಒಂದು ವರ್ಷ ಗಮನಿಸಿದರು. ಒಟ್ಟಾರೆ ಶೇ. 16.5 ಮಂದಿ ವರ್ಷದೊಳಗೆ ತೀರಿಕೊಂಡಿದ್ದರು. ಚೀನಾದಲ್ಲಿ ಶೇ. 7, ಆಫ್ರಿಕಾದಲ್ಲಿ ಶೇ. 34. ನಮ್ಮ ಭಾರತದಲ್ಲಿ? ಶೇ. 23. ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು! ಮದ್ದು ಕಂಡುಹಿಡಿದಾಗಿದೆ, ಲೆಕ್ಕ ಮಾಡಿ ತೋರಿಸಿಯೂ ಆಗಿದೆ. ಅದು ರೋಗಿಯ ಕೈಗೆ ತಲುಪುವುದು, ತಲುಪಿದ ಮೇಲೆ ದಿನಾ ತಪ್ಪದೆ ಹೊಟ್ಟೆಗೆ ಸೇರುವುದು ಇನ್ನೂ ಬಾಕಿ ಇದೆ. ಎನಾಲಾಪ್ರಿಲ್ ನಂತರ ಇನ್ನೂ ಹಲವು ಬಗೆಯ ಔಷಧಗಳು ಇಂಥದೇ ದೊಡ್ಡ ಪರೀಕ್ಷೆಗಳನ್ನು ದಾಟಿ ಬಂದಿವೆ. ಯಾವುದು ಯಾರಿಗೆ, ಎಷ್ಟು ಎಂಬುದನ್ನು ಡಾಕ್ಟರೇ ಹೇಳಬೇಕು. ನಾವಾಗಿ ಶುರುಮಾಡುವುದೂ ಬೇಡ, ನಾವಾಗಿ ನಿಲ್ಲಿಸುವುದೂ ಬೇಡ.

ಮತ್ತೆ ಆ ಅಜ್ಜನ ವಿಷಯ. ಕಪ್ಪುಹಲಗೆಯ ಲೆಕ್ಕವನ್ನು ಹುಡುಗಿ ತನ್ನ ಪುಸ್ತಕದಲ್ಲಿ ಬರೆದುಕೊಂಡು ಮನೆಗೆ ಹೋಗಿ ಅಜ್ಜನಿಗೆ ಓದಿ ಹೇಳಿದಳಂತೆ. 510, 452, ನೂರಕ್ಕೆ ನಾಲ್ಕೂವರೆ ಎಂದು ಕನ್ನಡದಲ್ಲೇ ವಿವರಿಸಿದಳಂತೆ. ಮುಂದಿನ ವಾರ ಅಜ್ಜ ಡಾಕ್ಟರರಲ್ಲಿಗೆ ಹೋಗಿ ಬಂದರು. ಮೊನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, "ಈಗಲೂ ನನಗೇನೂ ಗೊತ್ತಾಗುವುದಿಲ್ಲ ಮಾಷ್ಟ್ರೇ, ಆದರೆ ಬಿಡದೆ ತಿನ್ನುತ್ತಿದ್ದೇನೆ. ಪುಳ್ಳಿ ಲೆಕ್ಕ ಕೇಳುತ್ತಾಳಲ್ಲ!" ಎಂದು ನಕ್ಕರು.

ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಓದಿ ಏನು ಪ್ರಯೋಜನ ಎಂದು ನಮ್ಮನ್ನು ಕೇಳುವವರಿದ್ದಾರೆ. ಮುಂದಿನ ಸಲ ಯಾರಾದರೂ ಕೇಳಿದರೆ, ಈ ಅಜ್ಜನ ವಿಷಯವನ್ನೇ ಹೇಳಬೇಕೆಂದಿದ್ದೇವೆ.