ಸೆಡ್ಜ್‌ವಿಕ್ ಅವೆನ್ಯೂವಿನ ಆ ರಾತ್ರಿ

ರ್‍ಯಾಪ್ ಎಂಬುದು ಸಂಗೀತವೇ ಅಲ್ಲ, ತಾಳಕ್ಕೆ ಸರಿಯಾಗಿ ಬೈಯುವ ಕಲೆ ಎಂದು ನಾನು ತರಗತಿಯಲ್ಲಿಯೇ ಒಮ್ಮೆ ಹೇಳಿದ್ದುಂಟು. ಹಿಂದಿನ ಬೆಂಚಿನ ಮಹಾಶಯರು ಅದನ್ನು ಮರೆತಿರಲಾರರು. ಆ ಮಾತನ್ನು ಈಗ ಹಿಂತೆಗೆದುಕೊಳ್ಳುತ್ತಿದ್ದೇನೆ. ಅದು ನನ್ನ ಕಿವಿಗೆ ಇಂದಿಗೂ ಅಷ್ಟಾಗಿ ಒಗ್ಗದು, ನಿಜ. ಆದರೆ ಅದರ ಚರಿತ್ರೆಯನ್ನು ಓದಿದ ಮೇಲೆ, ಇತಿಹಾಸ ಬೋಧಿಸಿದವನೊಬ್ಬ ಅಷ್ಟು ಅಸಡ್ಡೆಯಿಂದ ತೀರ್ಪು ಕೊಡಬಾರದಿತ್ತು ಎನಿಸಿತು.

ಕಲಾಪ್ರಕಾರವೊಂದರ ಹುಟ್ಟಿಗೆ ದಿನಾಂಕ ಮತ್ತು ಮನೆಯ ಸಂಖ್ಯೆ ಎರಡೂ ದೊರೆಯುವುದು ಅಪರೂಪ. ಹಿಪ್‌ಹಾಪ್‌ಗೆ ದೊರೆತಿವೆ. 1973ರ ಆಗಸ್ಟ್ 11, ಶನಿವಾರ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗ. 1520, ಸೆಡ್ಜ್‌ವಿಕ್ ಅವೆನ್ಯೂ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಶಾಲೆ ಮತ್ತೆ ಆರಂಭವಾಗುವ ಮುನ್ನ ಹೊಸ ಬಟ್ಟೆ ಕೊಳ್ಳಬೇಕಿತ್ತು, ಹಣವಿರಲಿಲ್ಲ. ತಾವಿದ್ದ ವಸತಿ ಸಮುಚ್ಚಯದ ಕೋಣೆಯೊಂದನ್ನು ಪಡೆದು ಕುಣಿತದ ಕೂಟವೊಂದನ್ನು ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ ಶುಲ್ಕ. ಸಂಗೀತದ ಹೊಣೆ ಅಣ್ಣ ಕ್ಲೈವ್‌ನದು. 1967ರಲ್ಲಿ ಜಮೈಕಾದಿಂದ ಬಂದಿದ್ದ, 18 ವರ್ಷದ, ಎತ್ತರದ ಆಳು. ಅವನ ಮೈಕಟ್ಟನ್ನು ಕಂಡು ಗೆಳೆಯರು 'ಹರ್ಕ್ಯುಲಿಸ್' ಎಂದು ಕರೆಯುತ್ತಿದ್ದರು. ಅದೇ ಮೊಟಕಾಗಿ ಅವನು ಲೋಕಕ್ಕೆ ಕೂಲ್ ಹರ್ಕ್ ಆದ. ಒಂದು ಕಲೆ ಒಂದೇ ರಾತ್ರಿಯಲ್ಲಿ ಹುಟ್ಟುವುದಿಲ್ಲವೆಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಗುರುತಿಗೆ ಒಂದು ಕಲ್ಲು ನೆಡಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಆ ಬ್ರಾಂಕ್ಸ್ ಹೇಗಿತ್ತು? ನಗರ ಯೋಜನೆಯ ಸರ್ವಾಧಿಕಾರಿಯಂತಿದ್ದ ರಾಬರ್ಟ್ ಮೋಸೆಸ್ 1948ರಿಂದ ಅದರ ಎದೆಯ ಮೇಲೆಯೇ ಹೆದ್ದಾರಿಯೊಂದನ್ನು ಹಾಯಿಸಿದ. ಸಾವಿರಾರು ಕುಟುಂಬಗಳು ಮನೆ ಕಳೆದುಕೊಂಡವು. ಅನುಕೂಲವಿದ್ದವರು ಊರು ಬಿಟ್ಟರು. ಉಳಿದವರು ಬಹುತೇಕ ಕಪ್ಪು ಜನ ಮತ್ತು ಪೋರ್ಟೊರಿಕೊ ಮೂಲದವರು. ಬಾಡಿಗೆಗಿಂತ ವಿಮೆಯ ಹಣವೇ ಲಾಭವೆಂದು ಕಂಡ ಕೆಲವು ಮನೆ ಮಾಲೀಕರು ತಮ್ಮ ಕಟ್ಟಡಗಳಿಗೆ ತಾವೇ ಬೆಂಕಿ ಇಡಿಸಿದರು. ಅದೇ ಕಾಲಕ್ಕೆ ನಗರಾಡಳಿತವು ಅಗ್ನಿಶಾಮಕ ಠಾಣೆಗಳನ್ನು ಮುಚ್ಚುತ್ತಿತ್ತು! 1970ರಿಂದ 1980ರ ನಡುವೆ ಅಲ್ಲಿನ 7 ಗಣತಿ ವಲಯಗಳಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟೋ ಪಾಳುಬಿದ್ದೋ ಇಲ್ಲವಾದವು. 1975ರಲ್ಲಿ ನಗರದ ಬೊಕ್ಕಸವೇ ಬರಿದಾದಾಗ ಸಾವಿರಾರು ಶಿಕ್ಷಕರ ಕೆಲಸ ಹೋಯಿತು. ಸಂಗೀತ ಪಾಠಗಳಿಗೂ ಕತ್ತರಿ ಬಿತ್ತು. ವಾದ್ಯ ಕಲಿಸುವವರಿಲ್ಲದ ಮಕ್ಕಳು ಮನೆಯಲ್ಲಿದ್ದ ಗ್ರಾಮಫೋನ್ ತಟ್ಟೆಗಳನ್ನೇ ವಾದ್ಯ ಮಾಡಿಕೊಂಡರು. ಶಿಕ್ಷಕನಾಗಿ ನನ್ನನ್ನು ತಡೆದು ನಿಲ್ಲಿಸಿದ್ದು ಈ ಸಂಗತಿಯೇ.

ಹೇಗೆ ಮಾಡಿಕೊಂಡರು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುವೆ. ಒಂದು ಹಾಡಿನ ನಡುವೆ ಗಾಯನ ನಿಂತು ಡ್ರಮ್ ಮಾತ್ರ ನುಡಿಯುವ ಕೆಲವು ಕ್ಷಣಗಳಿರುತ್ತವೆ. ಕುಣಿಯುವವರು ಕಾಯುತ್ತಿದ್ದುದು ಆ ಕ್ಷಣಗಳಿಗೇ ಎಂಬುದನ್ನು ಹರ್ಕ್ ಗಮನಿಸಿದ. ಒಂದೇ ತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳಲ್ಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಆರಂಭಿಸಿದ. ಹತ್ತಾರು ಸೆಕೆಂಡುಗಳ ತುಣುಕು ಬೇಕಾದಷ್ಟು ಹೊತ್ತು ಹಿಗ್ಗಿತು. ಬಾರ್ಬಡೋಸ್‌ನಲ್ಲಿ ಹುಟ್ಟಿದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ವೃತ್ತಿಶಿಕ್ಷಣ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವನು. ಅವನು ಬಳಪದಿಂದ ತಟ್ಟೆಯ ಮೇಲೆ ಗುರುತು ಹಾಕಿ, ಗಡಿಯಾರದ ಮುಳ್ಳಿನಂತೆ ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಬೇಕೆಂದು ಲೆಕ್ಕ ಹಾಕಿ, ಆ ಕೆಲಸವನ್ನು ಕರಾರುವಾಕ್ಕಾದ ಶಾಸ್ತ್ರವಾಗಿಸಿದ. ಇದರ ಮೇಲೆ ಪ್ರಾಸಬದ್ಧ ಮಾತು ಬಂತು. ಅದಕ್ಕೆ ಜಮೈಕಾದ ಬೀದಿ ಧ್ವನಿವರ್ಧಕಗಳ ಸಂಪ್ರದಾಯವೂ ಒಂದು ಮೂಲ. ಒಬ್ಬರನ್ನೊಬ್ಬರು ಪದ್ಯದಲ್ಲೇ ಕೆಣಕುವ ಇವರ ಸ್ಪರ್ಧೆಗಳು, ನಮ್ಮ ಹರದೇಶಿ–ನಾಗೇಶಿ ಮೇಳಗಳ ಸವಾಲು–ಜವಾಬು ಕೇಳಿ ಬೆಳೆದವರಿಗೆ ಹೊಸತೆನಿಸಲಾರವು.

ಬೀದಿಯ ಈ ಕಲೆ ಅಂಗಡಿಗೆ ಬಂದದ್ದು 1979ರಲ್ಲಿ. ನ್ಯೂಜರ್ಸಿಯಲ್ಲಿ ಧ್ವನಿಮುದ್ರಣ ಸಂಸ್ಥೆ ನಡೆಸುತ್ತಿದ್ದ ಗಾಯಕಿ ಸಿಲ್ವಿಯಾ ರಾಬಿನ್‌ಸನ್ ಮೂವರು ಹುಡುಗರನ್ನು ಕೂಡಿಸಿ 'ರ್‍ಯಾಪರ್ಸ್ ಡಿಲೈಟ್' ಹೊರತಂದರು. ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 36ನೆಯ ಸ್ಥಾನಕ್ಕೇರಿ, ಕಡಲು ದಾಟಿ ಯುರೋಪಿಗೂ ಹೋಯಿತು. ಅದರ ವಾದ್ಯದ ಎಳೆ ಷೀಕ್ ತಂಡದ 'ಗುಡ್ ಟೈಮ್ಸ್'ನಿಂದ ಬಂದದ್ದು. ಅದರ ಕರ್ತೃಗಳು ಕಾನೂನಿನ ಮಾತೆತ್ತಿ ತಮ್ಮ ಹೆಸರನ್ನೂ ಪಾಲನ್ನೂ ಪಡೆದರು. ಆದರೆ ಮೂವರಲ್ಲೊಬ್ಬ ಹಾಡಿದ ಸಾಲುಗಳು ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್ ಎಂಬಾತ ಕಟ್ಟಿದ್ದವು. ಅವನಿಗೆ ಹೆಸರೂ ಬರಲಿಲ್ಲ, ಹಣವೂ ಬರಲಿಲ್ಲ.

ಈ ಅನ್ಯಾಯ ಮುಂದೆಯೂ ತಪ್ಪಲಿಲ್ಲ. ಜೇಮ್ಸ್ ಬ್ರೌನ್‌ನ ತಂಡದಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ನುಡಿಸಿದ 'ಫಂಕಿ ಡ್ರಮ್ಮರ್'ನ ತಾಳದ ತುಣುಕು ನೂರಾರು ಹಾಡುಗಳ ಬೆನ್ನೆಲುಬಾಯಿತು. 2017ರಲ್ಲಿ ತೀರಿಕೊಂಡ ಆ ಡ್ರಮ್ ವಾದಕನಿಗೆ ಅದರಿಂದ ಗೌರವಧನದ ಹಕ್ಕು ಇರಲೇ ಇಲ್ಲ. 1991ರಲ್ಲಿ ಬಿಜ್ ಮಾರ್ಕಿಯ ಹಾಡೊಂದರ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಕಳ್ಳತನ ಕೂಡದೆಂಬ ಬೈಬಲಿನ ಆಜ್ಞೆಯಿಂದಲೇ ತೀರ್ಪು ಆರಂಭಿಸಿದರು. ಅಂದಿನಿಂದ ಅನುಮತಿಯಿಲ್ಲದೆ ತುಣುಕು ಬಳಸುವುದು ಅಪಾಯದ ಕೆಲಸವಾಯಿತು. ತೀರ್ಪು ತಪ್ಪೆನ್ನಲಾರೆ. ಆದರೆ ಕಾನೂನು ಕಾಯ್ದದ್ದು ಕಾಗದಪತ್ರವಿದ್ದವರನ್ನು. ಬೀದಿಯಲ್ಲಿ ಬಾಯಿಮಾತಿನಲ್ಲಿ ಕಟ್ಟಿದವನನ್ನಲ್ಲ. ನಮ್ಮ ಜಾನಪದ ಕಲಾವಿದರ ಪಾಡನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನು 'ಅರ್ಬನ್' ಎಂಬ ಆ ಹೆಸರು. 1970ರ ದಶಕದಲ್ಲಿ ನ್ಯೂಯಾರ್ಕ್‌ನ ರೇಡಿಯೊ ನಿರೂಪಕ, ಸ್ವತಃ ಕಪ್ಪು ಜನಾಂಗದ ಫ್ರ್ಯಾಂಕಿ ಕ್ರಾಕರ್ ಅದನ್ನು ಬಳಕೆಗೆ ತಂದ. 'ಕಪ್ಪು ಜನರ ಸಂಗೀತ' ಎಂದರೆ ಜಾಹೀರಾತುದಾರರು ಹಿಂಜರಿಯುತ್ತಿದ್ದರು. 'ನಗರದ ಸಂಗೀತ' ಎಂದರೆ ಹಣ ಬಿಚ್ಚುತ್ತಿದ್ದರು. ಬಾಗಿಲು ತೆರೆಯಲು ಹುಡುಕಿದ ಪದವೇ ಕಾಲಕ್ರಮದಲ್ಲಿ ಈ ಕಲಾವಿದರನ್ನು ಒಂದು ಮೂಲೆಗೆ ಕೂರಿಸುವ ಹಣೆಪಟ್ಟಿಯಾಯಿತು. 2020ರಲ್ಲಿ ರಿಪಬ್ಲಿಕ್ ರೆಕಾರ್ಡ್ಸ್ ಸಂಸ್ಥೆ ಆ ಪದವನ್ನು ಕೈಬಿಟ್ಟಿತು. ಗ್ರ್ಯಾಮಿ ಪ್ರಶಸ್ತಿಯವರೂ ಒಂದು ವಿಭಾಗದ ಹೆಸರಿನಿಂದ ಅದನ್ನು ತೆಗೆದರು.

ಅಷ್ಟರೊಳಗೆ ಈ ಸಂಗೀತ ಯಾವ ಹೆಸರಿನ ಹಂಗಿಗೂ ಸಿಗದಷ್ಟು ದೂರ ಹೋಗಿತ್ತು. 1984ರಲ್ಲಿಯೇ ಫ್ರಾನ್ಸ್‌ನ ದೂರದರ್ಶನದಲ್ಲಿ ಇದಕ್ಕೆಂದೇ ಕಾರ್ಯಕ್ರಮವಿತ್ತು. 2011ರಲ್ಲಿ ಟ್ಯುನೀಷಿಯಾದ ಸರ್ಕಾರ ಅಧ್ಯಕ್ಷರನ್ನು ಪ್ರಶ್ನಿಸಿದ ರ್‍ಯಾಪ್ ಗಾಯಕನೊಬ್ಬನನ್ನು ಬಂಧಿಸಿತು. ಕೆಲವೇ ದಿನಗಳಲ್ಲಿ ಅಧ್ಯಕ್ಷರೇ ದೇಶ ಬಿಟ್ಟು ಓಡಿದರು. 2018ರಲ್ಲಿ ಕೆಂಡ್ರಿಕ್ ಲಮಾರ್‌ಗೆ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂತು. ನಮ್ಮ ಬೆಂಗಳೂರಿನಲ್ಲಿ ನೆಲೆ ಕಂಡುಕೊಂಡ, ಕೇರಳ ಮೂಲದ ಹನುಮಾನ್‌ಕೈಂಡ್ ಎಂಬ ಯುವಕನ ಹಾಡು 2024ರಲ್ಲಿ ಅಮೆರಿಕದ ಅಗ್ರ ನೂರರ ಪಟ್ಟಿ ಸೇರಿತು. ಅದನ್ನು ಕೇಳಿಸಿಕೊಂಡೆ, ಅರ್ಥವಾದದ್ದು ಅರ್ಧ.

ಕೂಲ್ ಹರ್ಕ್ ಏನಾದ? ಅವನ ಶಿಷ್ಯರೂ ಶಿಷ್ಯರ ಶಿಷ್ಯರೂ ಕೋಟಿ ಕೋಟಿ ಗಳಿಸುತ್ತಿದ್ದಾಗ, 2011ರಲ್ಲಿ ಅವನು ಕಾಯಿಲೆ ಬಿದ್ದ. ಆರೋಗ್ಯ ವಿಮೆಯೇ ಇರಲಿಲ್ಲ, ಅಭಿಮಾನಿಗಳು ಚಂದಾ ಎತ್ತಬೇಕಾಯಿತು. ಅದಕ್ಕೆ ಕೆಲವು ವರ್ಷ ಮೊದಲು, ಸೆಡ್ಜ್‌ವಿಕ್ ಅವೆನ್ಯೂವಿನ ಆ ಕಟ್ಟಡ ಬಡವರ ಕೈತಪ್ಪಿ ಹೋಗುವಂತಾದಾಗ, ಬಾಡಿಗೆದಾರರ ಪರವಾಗಿ ಅವನೇ ಹೋಗಿ ನಿಂತಿದ್ದ. 2022ರಲ್ಲಿ ಅವನ ಹಳೆಯ ಧ್ವನಿವರ್ಧಕಗಳೂ ಟರ್ನ್‌ಟೇಬಲ್‌ಗಳೂ ಕ್ರಿಸ್ಟೀಸ್ ಸಂಸ್ಥೆಯ ಮೂಲಕ ಹರಾಜಾದವು.